ನಾನೂರ ಹದಿನೇಳನೇ ಗೂಟ

ಹಕ್ಕಿಗೂ ಅದರ ಗೂಡಿಗೂ ನಡುವೆ ಒಂದು ದಾರ ಇರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಎದೆಯ ಗರಿಯ ಒಳಗಿನಿಂದ ಹೊರಟು ಗೂಡಿನ ಯಾವುದೋ ಕಡ್ಡಿಗೆ ಗಂಟುಬಿದ್ದಿರುವ ದಾರ. ಜೇಡನ ನೂಲಿಗಿಂತ ತೆಳು, ಕಣ್ಣಿಗೆ ಕಾಣದು. ಹಕ್ಕಿ ಎಷ್ಟು ದೂರ ಹೋದರೂ ಅದು ಹಿಗ್ಗುತ್ತ ಹೋಗುತ್ತದೆ. ಸಂಜೆಯಾದರೆ ತಾನೇ ಸುತ್ತಿಕೊಳ್ಳುತ್ತ ಹಕ್ಕಿಯನ್ನು ಮನೆಗೆ ಎಳೆದು ತರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಹಕ್ಕಿಗಳು ಮರಳುವ ಹೊತ್ತಿಗೆ ಮಹಡಿಯ ಮೇಲೆ ಯಾರೂ ಬಟ್ಟೆ ಕೊಡವುವಂತಿರಲಿಲ್ಲ. ನಾನು ಮರೆತು ಟವೆಲ್ ಕೊಡವಿದರೆ ಅಜ್ಜಿ ಕೆಳಗಿನಿಂದಲೇ ಕೂಗುತ್ತಿದ್ದಳು: "ಏ ನೀಲೂ, ಯಾವ್ದಾದ್ರೂ ದಾರ ಕಡ್ದಾಕ್‌ಬಿಟ್ಟೀಯ! ಇಳಿ ಕೆಳಕ್ಕೆ!"

ದೊಡ್ಡವಳಾದ ಮೇಲೆ ಆ ದಾರವನ್ನು ನಾನು ಡ್ರೋನ್‌ಗಳಿಗೆ ಕೊಟ್ಟೆ. ಹೇಗೆಂದು ಮೊದಲು ಹೇಳಿಬಿಡುತ್ತೇನೆ.

ನಾನು ಕೆಲಸ ಮಾಡುವುದು ಮೈಸೂರಿನಲ್ಲಿ, 'ಮುಗಿಲು' ಎಂಬ ಆ್ಯಪ್‌ನ ನಿಯಂತ್ರಣ ಕೊಠಡಿಯಲ್ಲಿ. ಹವ್ಯಾಸಕ್ಕೆ ಡ್ರೋನ್ ಹಾರಿಸುವವರ ಫೋನಿನಲ್ಲೆಲ್ಲ ಅದು ಇದೆ. ಅದನ್ನು ತೆರೆದು ನಿಂತರೆ ನಿಮ್ಮ ತಲೆಯ ಮೇಲಿನ ಆಕಾಶ ಬಣ್ಣ ತಾಳುತ್ತದೆ. ಹಸಿರಾದರೆ ಹಾರಿಸಿ, ಹಳದಿಯಾದರೆ ಅನುಮತಿ ಕೇಳಿ ಹಾರಿಸಿ, ಕೆಂಪಾದರೆ ಡ್ರೋನನ್ನು ಚೀಲದಿಂದ ತೆಗೆಯಲೇಬೇಡಿ. ಗಾಳಿಯ ರಭಸ, ಹತ್ತಿರ ಬರುತ್ತಿರುವ ವಿಮಾನ, ಪಕ್ಕದ ಬೀದಿಯವರ ಡ್ರೋನ್ ಎಷ್ಟು ಎತ್ತರದಲ್ಲಿದೆ ಎಂಬುದು, ಎಲ್ಲ ಅದರಲ್ಲೇ ಕಾಣುತ್ತದೆ. ಭಾನುವಾರ ಮೈದಾನಕ್ಕೆ ಬಂದವರು ನಮಸ್ಕಾರದ ಬದಲು "ಮುಗಿಲು ನೋಡಿದ್ರಾ?" ಎಂದೇ ಕೇಳಿಕೊಳ್ಳುತ್ತಿದ್ದರು.

ಒಂದೇ ತೊಂದರೆ. ಉಪಗ್ರಹದ ಸಂಕೇತ ಎತ್ತರದ ಕಟ್ಟಡಗಳ ನಡುವೆ ದಾರಿ ತಪ್ಪುತ್ತಿತ್ತು. ಸೂರ್ಯನ ಮೇಲೆ ಬಿರುಗಾಳಿ ಎದ್ದ ದಿನಗಳಲ್ಲಂತೂ ಡ್ರೋನ್‌ಗಳು ನಾಲ್ಕು ಮನೆ ಆಚೆ ಹೋಗಿ ಇಳಿಯುತ್ತಿದ್ದವು. ಒಬ್ಬರದು ಮದುವೆ ಮನೆಯ ಸಾರಿನ ಕೊಪ್ಪರಿಗೆಗೇ ಬಿದ್ದಿತ್ತು. ಡ್ರೋನಿಗೂ ಮನೆಗೂ ನಡುವೆ ದಾರ ಇದ್ದಿದ್ದರೆ?

ಹಾಗೆ ಹುಟ್ಟಿದ್ದು ಗೂಟ. ಮೊಳದುದ್ದದ ಕಪ್ಪು ಕೊಳವೆ, ಒಳಗೆ ತಾಮ್ರದ ಸುರುಳಿ. ಮನೆಯ ಮಹಡಿಯ ಮೇಲೆ ನಿಲ್ಲಿಸಿದರೆ ತನ್ನ ಸುತ್ತ ತೀರಾ ಸಣ್ಣ ಅಯಸ್ಕಾಂತದ ಮಿಡಿತ ಹೊರಡಿಸುತ್ತದೆ. ಒಂದೊಂದು ಗೂಟಕ್ಕೆ ಒಂದೊಂದು ತಾಳ. ಹತ್ತಿರದ ನಾಲ್ಕು ಗೂಟಗಳ ತಾಳ ತಾನಿರುವಲ್ಲಿ ಹೇಗೆ ಬೆರೆತಿದೆ ಎಂದು ಅಳೆದು, ಡ್ರೋನ್ ತಾನೆಲ್ಲಿದ್ದೇನೆಂದು ಗೇಣಿನ ಲೆಕ್ಕದಲ್ಲಿ ತಿಳಿದುಕೊಳ್ಳುತ್ತದೆ. ಹವ್ಯಾಸಿಗಳು ನಾ ಮುಂದು ತಾ ಮುಂದು ಎಂದು ತಮ್ಮ ತಮ್ಮ ಮಹಡಿಯಲ್ಲಿ ಜಾಗ ಕೊಟ್ಟರು. ಆರುನೂರು ಗೂಟಗಳಾದವು. ಗೂಟ ಎಂಬ ಹೆಸರನ್ನು ಇಟ್ಟವಳೂ ನಾನೇ. ದಾರ ಕಟ್ಟಲು ಗೂಟ ಬೇಕಲ್ಲ.

ಗೂಟಗಳನ್ನು ಚಾಲೂ ಮಾಡುವ ಮೊದಲು ಒಂದು ವರದಿ ಬರೆಯಬೇಕಿತ್ತು. ಅದರಲ್ಲಿ ಒಂದು ಖಾನೆ: ಪಕ್ಷಿಗಳ ಮೇಲೆ ಪರಿಣಾಮ. ಪಾರಿವಾಳಗಳು ಭೂಮಿಯ ಕಾಂತಶಕ್ತಿಯನ್ನು ಗ್ರಹಿಸಿ ದಿಕ್ಕು ತಿಳಿಯುತ್ತವೆ ಎಂದು ಓದಿದ್ದೆ. ಓದಿದಾಗ ಅಜ್ಜಿಯ ದಾರ ನೆನಪಾಗಿ ಖುಷಿಯೂ ಪಟ್ಟಿದ್ದೆ. ಪರೀಕ್ಷೆಗೆ ಪಾರಿವಾಳ ಹುಡುಕಿಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಅಜ್ಜಿಯ ತಮ್ಮ ಜವರಯ್ಯ ತಾತ ನಮ್ಮ ಮನೆಯ ಮೇಲಿನ ಕೋಣೆಯಲ್ಲೇ ಇರುವುದು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ಐವತ್ತು ವರ್ಷದಿಂದ ಪಾರಿವಾಳ ಸಾಕಿದವನು. ಹಕ್ಕಿಗಳನ್ನು ದೂರದ ಊರಿಗೆ ಕಳಿಸಿ ಬಿಡಿಸುವುದು, ಅವು ಮನೆಗೆ ಬರುವ ಹೊತ್ತನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಇದೇ ಅವನ ಹಬ್ಬ.

"ತಾತ, ನಿನ್ನ ಹಕ್ಕಿ ಹನ್ನೆರಡು ಬೇಕು ನಂಗೆ. ಅರಸೀಕೆರೇಲಿ ಬಿಡಿಸ್ತೀನಿ. ಗೂಟ ಆನ್ ಇರತ್ತೆ. ವಾಪಸ್ ಬರ್ತಾವಾ ಇಲ್ವಾ ಅಂತ ನೋಡ್ಬೇಕು."

"ಬರ್ದೆ ಎಲ್ಲೋದಾವು? ನನ್ನ ಹಕ್ಕಿ ಕಣವ್ವ ಅವು. ನಿಮ್ಮ ಗಿರಗಟ್ಲೆ ಅಲ್ಲ, ಮದ್ವೆಮನೆ ಸಾರಿಗೆ ಬೀಳಕ್ಕೆ."

"ಬರ್ಲಿಲ್ಲ ಅಂದ್ರೆ ಈ ಕೆಲ್ಸಾನೇ ನಿಂತೋಗತ್ತೆ ತಾತ. ಎರಡು ವರ್ಷ ಇದಕ್ಕೇ ಜೀವ ತೇದಿದೀನಿ."

ತಾತ ನನ್ನ ಮುಖ ನೋಡಿದ. ಗೂಡಿನ ಬಾಗಿಲ ಬಳಿ ಬಹಳ ಹೊತ್ತು ಕೂತು, ಒಂದೊಂದನ್ನೇ ಎತ್ತಿ, ರೆಕ್ಕೆ ಬಿಡಿಸಿ ನೋಡಿ, ಹನ್ನೆರಡನ್ನು ಆರಿಸಿ ಬುಟ್ಟಿಗೆ ಬಿಟ್ಟ. "ತಗಾ. ನಿನ್ನ ಮಾನ ಉಳಿಸ್ತವೆ" ಎಂದ.

ಉಳಿಸಿದವು. ಮಾರ್ಚ್ ತಿಂಗಳ ನಿರ್ಮಲವಾದ ಬೆಳಗು, ಒಂದು ಚೂರು ಮೋಡವಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಎರಡು ಗಂಟೆಯೊಳಗೆ ಬಂದು ನಮ್ಮ ಮಹಡಿಯ ಮೇಲೆ ಇಳಿದವು. ತಾತ ಗೋಡೆಯ ಮೇಲೆ ಹೊತ್ತು ಬರೆದ. ನಾನು ಖಾನೆಯಲ್ಲಿ 'ಕಂಡುಬಂದಿಲ್ಲ' ಎಂದು ಬರೆದೆ. ಕಾರಹುಣ್ಣಿಮೆಯ ಹೊತ್ತಿಗೆ ಆರುನೂರು ಗೂಟಗಳೂ ಮಿಡಿಯತೊಡಗಿದ್ದವು. ಆ ಸಂಜೆ ನನ್ನ ಫೋನಿನಲ್ಲಿ ಇಡೀ ಮೈಸೂರು ಹಸಿರಾಗಿ ಹೊಳೆಯಿತು. ಅಜ್ಜಿ ಇದ್ದಿದ್ದರೆ ತೋರಿಸಬಹುದಿತ್ತು ಎಂದುಕೊಂಡೆ.

ಆಷಾಢದ ಒಂದು ಭಾನುವಾರ. ಆಕಾಶ ಬೂದಿ ಬಳಿದ ಹಾಗಿತ್ತು. ಶಿವರಾತ್ರಿಯ ಸುಮಾರಿಗೆ ಮೊಟ್ಟೆಯೊಡೆದ ತಾತನ ಇಪ್ಪತ್ತಮೂರು ಮರಿಗಳಿಗೆ ಅವತ್ತು ಮೊದಲ ದೂರದ ಪ್ರಯಾಣ. ಬೇಸಿಗೆಯಲ್ಲಿ ಎರಡು ಸಲ ಶ್ರೀರಂಗಪಟ್ಟಣದವರೆಗೆ ಒಯ್ದು ಬಿಟ್ಟಿದ್ದನಷ್ಟೆ. ಈಗ ಚನ್ನರಾಯಪಟ್ಟಣ. ಪರಿಚಯದ ವ್ಯಾನಿನವನ ಕೈಯಲ್ಲಿ ಬುಟ್ಟಿಗಳನ್ನು ಕೊಡುವಾಗ ಒಂದು ಮರಿ ಒಳಗೆ ಹೋಗಲೊಲ್ಲದೆ ತಾತನ ತೋಳಿನ ಮೇಲೇ ಕೂತಿತ್ತು. ಎಡರೆಕ್ಕೆಯಲ್ಲಿ ಒಂದೇ ಒಂದು ಬಿಳಿ ಗರಿ. ದಿನಾ ಗೂಡಿನಿಂದ ಎಲ್ಲಕ್ಕಿಂತ ಕೊನೆಗೆ ಹೊರಬರುವುದರಿಂದ ಅದರ ಹೆಸರು ಸೋಂಬೇರಿ.

"ಹೋಗೋ ಸೋಂಬೇರಿ, ಊರು ನೋಡ್ಕೊಂಡ್ ಬಾ" ಎಂದು ತಾತ ಅದರ ತಲೆ ಸವರಿದ. ನಾನು ಗಡಿಬಿಡಿಯಲ್ಲಿ ಕೆಲಸಕ್ಕೆ ಹೊರಟೆ. ಅವತ್ತು ಹವ್ಯಾಸಿಗಳ ಕ್ಲಬ್ಬಿನ ವಾರ್ಷಿಕ ಹಾರಾಟ. ಮುನ್ನೂರಕ್ಕೂ ಹೆಚ್ಚು ಡ್ರೋನ್‌ಗಳು ಆಕಾಶದಲ್ಲಿರುತ್ತವೆ.

ಕೊಠಡಿಯಲ್ಲಿ ನಾನು ಮತ್ತು ಧಾರವಾಡದ ಕಡೆಯ ಗುರುಪಾದ ಸರ್, ಇಬ್ಬರೇ. ಹತ್ತು ಗಂಟೆಗೆ ತಾತನ ಫೋನು ಬಂತು.

"ನೀಲವ್ವ, ಏಳಕ್ಕೇ ಬಿಟ್ಟವ್ನಂತೆ. ಎಂಟೂವರೆಗೆ ಇಲ್ಲಿರ್ಬೇಕಿತ್ತು. ಇನ್ನೂ ಒಂದೂ ಬಂದಿಲ್ಲ ಕಣವ್ವ."

"ಮೋಡ ಅಲ್ವಾ ತಾತ, ಸ್ವಲ್ಪ ಸುತ್ತಾಡ್ಕೊಂಡ್ ಬರ್ತವೆ" ಎಂದೆ. ಪರದೆಯ ಮೇಲೆ ಇಬ್ಬರ ಡ್ರೋನ್‌ಗಳು ತೀರಾ ಹತ್ತಿರ ಬಂದಿದ್ದವು. ನನ್ನ ಗಮನ ಅಲ್ಲಿತ್ತು.

ಹನ್ನೊಂದೂವರೆಗೆ ಮತ್ತೆ ಫೋನು. ಈಗ ತಾತನ ದನಿ ಸಣ್ಣಗಾಗಿತ್ತು.

"ನೀಲವ್ವ, ನಿನ್ನ ಗೂಟದಿಂದೇನಾದ್ರೂ..."

"ಇಲ್ಲ ತಾತ. ನೀನೇ ನೋಡಿದ್ಯಲ್ಲ, ಹನ್ನೆರಡೂ ಬಂದ್ವಲ್ಲ ಆವತ್ತು!"

"ಅವು ಹಳೇವು ಕಣವ್ವ."

"ಹಳೇವು ಅಂದ್ರೆ?"

"ಅರಸೀಕೆರೆ ದಾರೀನ ಅರವತ್ತು ಸಲ ಹಾರಿರೋವು. ಕಣ್ಣಲ್ಲೇ ದಾರಿ ಗುರ್ತು ಮಾಡ್ಕತವೆ. ಕೆರೆ ನೋಡ್ಕಂಡು, ರೈಲು ಕಂಬಿ ನೋಡ್ಕಂಡು ಬರ್ತವೆ. ನಿನ್ನ ಕೆಲ್ಸ ನಿಂತೋಗ್ಬಾರ್ದು ಅಂತ ಇದ್ದುದ್ರಲ್ಲಿ ಒಳ್ಳೇವ್ನೇ ಆರ್ಸಿ ಕೊಟ್ಟೆ. ಮರಿ ಕೊಟ್ಟಿದ್ರೆ ಯಾವ್ದಾದ್ರೂ ತಪ್ಪಿಸ್ಕತಿತ್ತೋ ಏನೋ ಅಂತ."

ಪಾರಿವಾಳ ಸಾಕುವವನು ಮುಖ್ಯವಾದ ಕೆಲಸಕ್ಕೆ ಎಳೆಯ ಹಕ್ಕಿ ಕೊಡುವುದುಂಟೇ? ಅಕ್ಕರೆಯಿಂದ ಕೊಟ್ಟಿದ್ದ. ಇವುಗಳ ವಯಸ್ಸೆಷ್ಟು ಎಂಬ ಒಂದು ಪ್ರಶ್ನೆ ಕೇಳಬೇಕಾಗಿದ್ದವಳು ನಾನು. ಹಳೆಯ ಹಕ್ಕಿಗೆ ಸೂರ್ಯನಿದ್ದಾನೆ, ಕೆರೆಯಿದೆ, ಕಂಬಿಯಿದೆ. ಸೂರ್ಯ ಕಾಣದ ದಿನ, ದಾರಿ ಕಾಣದ ಮರಿಗೆ ಇರುವುದು ಆ ದಾರ ಒಂದೇ. ಆರುನೂರು ಗೂಟಗಳು ಏಕಕಾಲಕ್ಕೆ ಆ ಒಂದು ದಾರವನ್ನು ಜಗ್ಗುತ್ತಿದ್ದವು.

ಮುಗಿಲು ಹಕ್ಕಿಗಳನ್ನು ತೋರಿಸುವುದಿಲ್ಲ. ಮಹಡಿಗಳ ಮೇಲಿನ ಪುಟ್ಟ ರೇಡಾರ್‌ಗಳಿಗೆ ಅವು ಕಾಣುತ್ತವೆ, ಆದರೆ ಹಾರಿಸುವವರಿಗೆ ಗೊಂದಲ ಆಗದಿರಲಿ ಎಂದು ಗದ್ದಲದ ಲೆಕ್ಕದಲ್ಲಿ ಅಳಿಸಿಬಿಡುತ್ತೇವೆ. ಆ ಜರಡಿಯನ್ನು ಮೊದಲ ಸಲ ತೆಗೆದೆ. ಪರದೆಯ ತುಂಬ ಜೀವ ಎದ್ದ ಹಾಗಾಯಿತು. ಕಾಗೆ, ಗಿಳಿ, ಕೊಕ್ಕರೆ. ಊರಿನ ಉತ್ತರದ ಅಂಚಿನಲ್ಲಿ, ಮೇಟಗಳ್ಳಿಯ ಆಚೆ, ಒಂದು ಗುಂಪು ಗುಂಡಗೆ ಸುತ್ತುತ್ತಿತ್ತು. ಎಣಿಸಿದೆ. ಇಪ್ಪತ್ತಮೂರು. ಗೂಟಗಳ ಸಾಲು ಎಲ್ಲಿ ಶುರುವಾಗುತ್ತದೋ ಸರಿಯಾಗಿ ಅಲ್ಲಿ, ಹೊಸಿಲ ಹೊರಗೆ ನಿಂತ ಮಕ್ಕಳ ಹಾಗೆ. ಒಳಕ್ಕೆ ನುಗ್ಗುತ್ತಿದ್ದವು, ದಿಕ್ಕು ಕಲಸಿ ಹೊರಬರುತ್ತಿದ್ದವು, ಮತ್ತೆ ಸುತ್ತುತ್ತಿದ್ದವು. ಮೂರು ಗಂಟೆ ಕಾಲ ಹಾಗೇ ಸುತ್ತಿರಬೇಕು.

ಗುರುಪಾದ ಸರ್ ಕುರ್ಚಿ ಸರಿಸಿಕೊಂಡು ಬಂದರು. "ಏನಾತವಾ ನೀಲಾ? ಮಾರಿ ಯಾಕ ಸಣ್ಣಾಗೇತಿ?"

ಹೇಳಿದೆ. ಅವರು ಪರದೆ ನೋಡಿದರು. "ಉತ್ತರದ ಗೂಟ ಬಂದ್ ಮಾಡಿದ್ರ ಬರ್ತಾವೇನು?"

"ಬರಬಹುದು ಸರ್."

"ಮತ್ತ ಒತ್ತು. ಡ್ಯೂಟಿ ಮ್ಯಾಲ ಇದ್ದವರು ಅರ್ಧಾ ತಾಸು ಬಂದ್ ಮಾಡಬಹುದು. ಕಾರಣ ಒಂದು ಬರೀಬೇಕು, ಅಷ್ಟ."

ಕಾರಣ. ಗುಂಡಿಯ ಪಕ್ಕದಲ್ಲೇ ಆ ಖಾಲಿ ಚೌಕ ಮಿಣುಗುತ್ತಿತ್ತು. ಏನು ಬರೆಯುವುದು? ನನ್ನ ವರದಿ ತಪ್ಪು ಎಂದೇ ಬರೆಯಬೇಕಿತ್ತು. ಆ ಒಂದು ಸಾಲು ಬರೆದರೆ ಆರುನೂರು ಗೂಟಗಳನ್ನೂ ಕೀಳಬೇಕಾಗಬಹುದು. ಎರಡು ವರ್ಷ, ನನ್ನ ಹೆಸರು, ಮೊನ್ನೆ ಮೊನ್ನೆ ಹಸಿರಾಗಿ ಹೊಳೆದ ಊರು.

"ಮುನ್ನೂರು ಡ್ರೋನ್ ಮೇಲಿದಾವೆ ಸರ್" ಎಂದೆ. "ಮೇಲಿನವರನ್ನ ಒಂದು ಮಾತು ಕೇಳೋಣ."

"ಕೇಳಿದ್ರ ತಡಾ ಆಗ್ತೇತಿ."

"ಆದ್ರೂ ಕೇಳಿ ಸರ್."

ಅವರು ನನ್ನನ್ನು ಒಂದು ಗಳಿಗೆ ನೋಡಿ ಫೋನು ಎತ್ತಿಕೊಂಡರು. ಗೂಟ ಮೌನವಾದರೆ ಡ್ರೋನ್‌ಗಳಿಗೆ ಏನೂ ಆಗುವುದಿಲ್ಲ. ಇದ್ದಲ್ಲೇ ಹತ್ತು ಸೆಕೆಂಡು ನಿಂತು, ಉಪಗ್ರಹದ ಸಂಕೇತ ಹಿಡಿದು, ಮೆತ್ತಗೆ ಕೆಳಗಿಳಿಯುತ್ತವೆ. ಆ ಏರ್ಪಾಡನ್ನು ಬರೆದವಳೇ ನಾನು. ಅವರಿಗೂ ಅದು ಗೊತ್ತಿತ್ತು.

ಮೇಲಿನವರು ಊಟಕ್ಕೆ ಹೋಗಿದ್ದರು. ಇನ್ನೊಬ್ಬರು ಮಿಂಚಂಚೆ ಕಳಿಸಿ ಎಂದರು. ಕಳಿಸಿದೆವು. ನಾನು ಪರದೆ ನೋಡುತ್ತ ಕೂತೆ. ಚುಕ್ಕೆಗಳಿಗೆ ಸದ್ದಿಲ್ಲ. ಗುಂಪಿನ ಮೇಲ್ಗಡೆ ಎರಡು ದೊಡ್ಡ ಚುಕ್ಕೆಗಳು ಬಂದವು. ದಣಿದ ಪಾರಿವಾಳಕ್ಕೆ ಕಾದು ಕೂರುವ ಡೇಗೆಗಳಿರಬೇಕು. ಇಪ್ಪತ್ತಮೂರು ಇಪ್ಪತ್ತೊಂದಾಯಿತು. ಆಮೇಲೆ ಹದಿನೇಳು. ಬೆರಳು ಗುಂಡಿಯ ಮೇಲಿತ್ತು. ಹನ್ನೊಂದು. ಗುಂಪು ಒಡೆದು ಕೆಲವು ಕನ್ನಂಬಾಡಿಯ ನೀರಿನ ಕಡೆ ಹೋದವು. ಆ ಕಡೆ ನಮ್ಮ ರೇಡಾರ್ ಇಲ್ಲ. ನಾಲ್ಕು.

ಹನ್ನೆರಡೂ ಹತ್ತಕ್ಕೆ ಉತ್ತರ ಬಂತು: ಸೂಕ್ತವೆನಿಸಿದರೆ ಮಾಡಿ.

ಒತ್ತಿದೆ. ಉತ್ತರದ ನೂರು ಗೂಟಗಳು ಮೌನವಾದವು. ಮೈದಾನದಲ್ಲಿ ಡ್ರೋನ್‌ಗಳು ಹತ್ತು ಸೆಕೆಂಡು ನಿಂತು ಮೆತ್ತಗೆ ಇಳಿದವು. ಒಂದಕ್ಕೂ ಪೆಟ್ಟಾಗಲಿಲ್ಲ. ಪರದೆಯ ಆ ಮೂಲೆಯಲ್ಲಿ ಒಂದು ಚುಕ್ಕೆಯೂ ಉಳಿದಿರಲಿಲ್ಲ.

ಸಂಜೆ ಮನೆಗೆ ಬಂದಾಗ ತಾತ ಮಹಡಿಯ ಮೇಲೆ ಕಾಳಿನ ಡಬ್ಬಿ ಅಲ್ಲಾಡಿಸುತ್ತ ನಿಂತಿದ್ದ. ಆ ಸದ್ದು ಕೇಳಿದರೆ ಹಕ್ಕಿಗಳು ಎಲ್ಲಿದ್ದರೂ ಇಳಿಯುತ್ತವೆ ಎಂಬುದು ಅವನ ನಂಬಿಕೆ. ಗೋಡೆಯ ಮೇಲೆ ಅವತ್ತಿನ ದಿನಾಂಕ ಬರೆದಿದ್ದ. ಅದರ ಮುಂದೆ ಹೊತ್ತು ಇರಲಿಲ್ಲ.

"ತಪ್ಪು ನಂದೇ ಕಣವ್ವ" ಎಂದ, ನನ್ನ ಕಡೆ ತಿರುಗದೆ. "ಪರೀಕ್ಷೆಗೆ ಮರೀನೇ ಕೊಡ್ಬೇಕಿತ್ತು. ನೀನು ಓದಿರೋ ಹುಡ್ಗಿ, ಇದ್ನೆಲ್ಲ ನೀನು ಹೆಂಗೆ ತಿಳ್ಕತೀಯ? ನಾನ್ ಹೇಳ್ಬೇಕಿತ್ತು."

"ಇಲ್ಲ ತಾತ, ನಾನು ಕೇಳ್ಬೇಕಿತ್ತು."

"ಹೋಗ್ಲಿ ಬುಡು. ಕತ್ಲಾಗೋವರ್ಗೂ ನೋಡಣ."

ಗುಂಡಿ ಒತ್ತದೆ ಕೂತಿದ್ದ ನಲವತ್ತು ನಿಮಿಷದ ಮಾತು ಆಗ ಹೇಳಲಿಲ್ಲ. ಮುಂದೆಯೂ ಹೇಳಲಾಗಲಿಲ್ಲ. ವರದಿಯನ್ನು ತಿದ್ದಿ ಬರೆದೆ. ಮೋಡದ ದಿನ, ಎಳೆಯ ಹಕ್ಕಿ, ಕಲಸಿದ ದಿಕ್ಕು, ಎಲ್ಲವನ್ನೂ ಬರೆದೆ. ನಾನು ಹೆದರಿದಂತೆ ಯಾರೂ ಗೂಟ ಕೀಳಲಿಲ್ಲ, ನನ್ನನ್ನೂ ಬೈಯಲಿಲ್ಲ. "ತಿದ್ದಿದ್ದು ಒಳ್ಳೆಯದಾಯಿತು" ಎಂದರಷ್ಟೆ. ಅಷ್ಟು ಸುಲಭವಾಗಿ ಆಗುವಂಥದ್ದಾಗಿತ್ತು ಅದು. ಅವತ್ತಿನಿಂದ ಮುಗಿಲಿನಲ್ಲಿ ಹೊಸದೊಂದು ಏರ್ಪಾಡು ಬಂತು, ಹಕ್ಕಿ ಹೊತ್ತು. ಬೆಳಗ್ಗೆ ಒಂದು ಗಂಟೆ ಕಾಲ, ಸಂಜೆ ಒಂದು ಗಂಟೆ ಕಾಲ, ಮೋಡ ಮುಚ್ಚಿದ ದಿನ ಇನ್ನೂ ಹೆಚ್ಚು, ಎಲ್ಲ ಗೂಟಗಳೂ ಮೌನ. ಆ್ಯಪ್‌ನಲ್ಲಿ ಇಡೀ ಊರು ಬೂದುಬಣ್ಣವಾಗುತ್ತದೆ. ಹವ್ಯಾಸಿಗಳು ಗೊಣಗಿದರು. 'ಬೆಳಕು ಚೆನ್ನಾಗಿರೋ ಹೊತ್ತಲ್ಲೇ ಬಾಗಿಲು ಹಾಕ್ತೀರಲ್ರೀ, ದೇವರಿಗೇ ಪ್ರೀತಿ' ಎಂದು ಬರೆದು ಒಬ್ಬರು ಒಂದೇ ನಕ್ಷತ್ರ ಕೊಟ್ಟರು.

ಒಂಬತ್ತನೆಯ ದಿನ ದೂರುಗಳ ಪಟ್ಟಿಯಲ್ಲಿ ಒಂದು ಫೋಟೊ ಬಂತು. ಮೇಟಗಳ್ಳಿಯಿಂದ ಯಾರೋ ಬರೆದಿದ್ದರು: 'ನಮ್ಮ ಗೂಟಕ್ಕೆ ಆತುಕೊಂಡು ಒಂದು ಪಾರಿವಾಳ ಕೂತಿದೆ. ಓಡಿಸಿದರೂ ಹೋಗುತ್ತಿಲ್ಲ. ಸಿಗ್ನಲ್‌ಗೆ ತೊಂದರೆಯೇ? ಗೂಟ ಸಂಖ್ಯೆ ನಾನೂರ ಹದಿನೇಳು.' ಫೋಟೊ ದೊಡ್ಡದು ಮಾಡಿದೆ. ಎಡರೆಕ್ಕೆಯಲ್ಲಿ ಒಂದೇ ಒಂದು ಬಿಳಿ ಗರಿ.

ತಾತನನ್ನು ಕರೆದುಕೊಂಡು ಓಡಿದೆ. ಮನೆಯವರು ರೋಸ್ಲಿನ್ ಮಿಸ್, ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾಗಿ ಈಗ ಡ್ರೋನ್ ಹಾರಿಸುವವರು.

"ಬನ್ನಿ ಬನ್ನಿ, ನಿಮ್ಮ ನೆಂಟ್ರು ಮೇಲೇ ಇದಾರೆ. ಅನ್ನ ಹಾಕಿದ್ರೆ ತಿನ್ನಲ್ಲ, ಬೇಳೆ ಹಾಕಿದ್ರೆ ತಿನ್ನತ್ತೆ. ಭಾರೀ ಜಂಬ!"

ಸೋಂಬೇರಿ ಬಡವಾಗಿತ್ತು, ಬಾಲದ ಗರಿ ಅರ್ಧ ಹೋಗಿತ್ತು. ತಾತ ಅದನ್ನು ಎದೆಗೆ ಅವಚಿಕೊಂಡು ಮನೆಗೆ ತಂದ. ಎರಡು ವಾರ ಗೂಡಿನಲ್ಲಿಟ್ಟು, ತಿನ್ನಿಸಿ, ಮೂರನೆಯ ವಾರ ಬಾಗಿಲು ತೆರೆದ. ಹಕ್ಕಿ ಮಹಡಿಯ ಮೇಲೆ ಒಂದು ಸುತ್ತು ಬಂದು ನೇರ ಉತ್ತರಕ್ಕೆ ಹಾರಿಹೋಯಿತು. ಅರ್ಧ ಗಂಟೆಗೆ ರೋಸ್ಲಿನ್ ಮಿಸ್ ಫೋನು: "ಜವರಯ್ಯನೋರೇ, ಬಂದಿದೆ ಇಲ್ಲಿ."

ಮತ್ತೆ ತಂದೆವು. ಮತ್ತೆ ಹೋಯಿತು. ಐದು ಸಲ. ದಿಕ್ಕೆಲ್ಲ ಕಲಸಿ, ಜೊತೆಯವೆಲ್ಲ ಕಾಣೆಯಾಗಿ, ಕೊನೆಗೆ ಯಾವುದೋ ಒಂದು ಮಿಡಿತದ ಹತ್ತಿರ ಕುಸಿದು ಕೂತಾಗ ಅದರೊಳಗೆ ಏನೋ ತೀರ್ಮಾನವಾಗಿಬಿಟ್ಟಿತ್ತು. ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ, ಕಡಿದ ದಾರದ ತುದಿ ನಾನೂರ ಹದಿನೇಳನೇ ಗೂಟಕ್ಕೆ ಗಂಟುಬಿದ್ದಿತ್ತು. ಹಕ್ಕಿ ಹೊತ್ತಿನಲ್ಲಿ ಆ ಗೂಟವೂ ಮೌನವಾದಾಗ ಸೋಂಬೇರಿ ಎದ್ದು ಮಹಡಿಯ ಸುತ್ತ ಗಾಬರಿಯಿಂದ ಹಾರುತ್ತಿತ್ತಂತೆ. ಮಿಸ್ ವಿಡಿಯೊ ಕಳಿಸಿದ್ದರು. ತಾತ ಅದನ್ನು ಎರಡೆರಡು ಸಲ ಹಾಕಿಸಿಕೊಂಡು ನೋಡಿದ.

"ಎಳೀಬೇಡ ಇನ್ನ" ಎಂದ. "ಅದ್ಕೆ ಅದೇ ಮನೆ ಅಂತಾದ್ಮೇಲೆ ಅಲ್ಲೇ ಇರ್ಲಿ ಬುಡು."

ಈಗ ತಾತ ದಿನಾ ನಾಲ್ಕೂವರೆಯ ಸಿಟಿ ಬಸ್ಸಿನಲ್ಲಿ ಕಾಳಿನ ಡಬ್ಬಿ ಹಿಡಿದು ಮೇಟಗಳ್ಳಿಗೆ ಹೋಗುತ್ತಾನೆ. ಮಿಸ್ ಕಾಫಿ ಕೊಡುತ್ತಾರೆ. ತನ್ನದಲ್ಲದ ಮಹಡಿಯ ಮೇಲೆ, ಮೊಳದುದ್ದದ ಕಪ್ಪು ಕೊಳವೆಯ ಎದುರು ಕೂತು ಡಬ್ಬಿ ಅಲ್ಲಾಡಿಸುತ್ತಾನೆ. ನಮ್ಮ ಮಹಡಿಯ ಗೋಡೆಯ ಮೇಲೆ ಆ ದಿನಾಂಕ ಹಾಗೇ ಇದೆ. ಸುಣ್ಣ ಹೊಡೆಸುವಾಗ ಅಮ್ಮ ಅಷ್ಟು ಜಾಗ ಬಿಡಿಸಿದಳು.

ಸಂಜೆ ಹಕ್ಕಿ ಹೊತ್ತು ಬಂದಾಗ ನಾನು ಕೊಠಡಿಯಲ್ಲಿರುತ್ತೇನೆ. ಪರದೆಯ ಮೇಲೆ ಮೈಸೂರು ಬೂದುಬಣ್ಣವಾಗುತ್ತದೆ, ಉತ್ತರದ ಅಂಚಿನಲ್ಲಿ ಒಂದು ಹಸಿರು ಚುಕ್ಕೆ ಬಿಟ್ಟು. ಹವ್ಯಾಸಿಗಳಿಗೂ ಅದು ಕಂಡಿದೆ. 'ಒಂದು ಗೂಟ ಕೆಟ್ಟಿದೆ, ಆಫ್ ಆಗ್ತಿಲ್ಲ' ಎಂದು ವಾರಕ್ಕೆ ನಾಲ್ಕಾರು ದೂರು ಬರುತ್ತವೆ. ಗುರುಪಾದ ಸರ್ ಅವನ್ನು ಓದಿ ನನ್ನ ಕಡೆಗೆ ತಳ್ಳುತ್ತಾರೆ, ಏನೂ ಕೇಳುವುದಿಲ್ಲ.

ಗೂಟವೊಂದನ್ನು ಮೌನದಿಂದ ಹೊರಗಿಡಬೇಕಾದರೂ ಡ್ಯೂಟಿಯಲ್ಲಿರುವವರು ದಿನಾ ಕಾರಣ ಬರೆಯಬೇಕು. ಅದೇ ಚೌಕ, ಅದೇ ಮಿಣುಕು. ಒಂದು ದಿನ ನಲವತ್ತು ನಿಮಿಷ ಅದನ್ನು ಖಾಲಿ ಬಿಟ್ಟು ಕೂತಿದ್ದೆ. ಈಗ ಕಾಯುವುದಿಲ್ಲ, ಸಂಜೆಯಾದ ಕೂಡಲೇ ಬರೆಯುತ್ತೇನೆ:

ಒಂದು ಹಕ್ಕಿ ಮನೆಗೆ ಬರುವುದಿದೆ.